ಟ್ಯಾಂಕಿನ ಮುಚ್ಚಳದ ಮೇಲಿನ ವಿಭೂತಿ

ನಿನ್ನ ಗಂಡ ವಿಮಾನ ಕಟ್ಟುತ್ತಿದ್ದಾನಂತೆ ಎಂದು ಶೆಟ್ಟಿಕೆರೆ ಬಸ್ಸಿನಲ್ಲಿ ಯಾರೋ ಕೇಳಿದಾಗ, ಹೌದು, ಸುಮ್ಮನೆ ಕೂತರೆ ಅವರಿಗೆ ಮೈ ನೋಯುತ್ತದೆ ಎಂದಿದ್ದೆ. ನನ್ನ ಗಂಡ ಹಾಲಸ್ವಾಮಿಯವರು ವಾಯುಪಡೆಯಲ್ಲಿದ್ದಷ್ಟು ಕಾಲವೂ ಬೇರೆಯವರು ಹಾರಿಸುವ ವಿಮಾನಗಳ ಇಂಜಿನ್ ರಿಪೇರಿ ಮಾಡಿದವರು. ತಾವೇ ಹಾರಬೇಕೆಂಬ ಆಸೆಯನ್ನು ಪಿಂಚಣಿಯ ಜೊತೆ ಮನೆಗೆ ತಂದರು. ಹಾರುವುದನ್ನು ಕಲಿತರು, ಕಾಗದಪತ್ರ ಮಾಡಿಸಿದರು. ನಮ್ಮ ಕೊಬ್ಬರಿ ಅಟ್ಟದ ಕೆಳಗೆ, ಒಬ್ಬರೇ ಕೂರುವ ವಿಮಾನಕ್ಕೆ ರೆಕ್ಕೆ ಬೆಳೆಯಿತು. ಮೇಲೆ ಕಾಯಿ ಒಣಗುತ್ತಿತ್ತು, ಕೆಳಗೆ ರೆಕ್ಕೆಯ ಬಣ್ಣ ಒಣಗುತ್ತಿತ್ತು. ನಿದ್ದೆಯಲ್ಲಿ ಎರಡರ ವಾಸನೆಯೂ ನನಗೆ ಒಂದೇ ಆಗಿ ಬರುತ್ತಿತ್ತು.

ಭಯವಿತ್ತು, ಹೇಳಲಿಲ್ಲ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿಯನ್ನು ನೀರಿನಲ್ಲಿ ಕಲಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಮೂರು ಬೆರಳು ಎಳೆಯುತ್ತಿದ್ದೆ. ಕಾಪಾಡಪ್ಪ ಎನ್ನುತ್ತಿದ್ದೆ. ಇವರು ವಿಮಾನವನ್ನೆಲ್ಲ ಬಟ್ಟೆಯಿಂದ ಉಜ್ಜುತ್ತಿದ್ದರು, ಆ ಮುಚ್ಚಳವನ್ನು ಮಾತ್ರ ಮುಟ್ಟಿ ಒರೆಸುತ್ತಿರಲಿಲ್ಲ. ವಿಭೂತಿ ಒರೆಸುವ ಕೈ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಒಣಗಿದ ಕೆರೆಯಂಗಳಕ್ಕೆ ಟ್ರ್ಯಾಕ್ಟರಿನಲ್ಲಿ ಎಳೆದುಕೊಂಡು ಹೋಗಿ ಇಂಜಿನ್ ಶುರು ಮಾಡಿದರೆ, ಒಂದಷ್ಟು ಹೊತ್ತು ಚೆನ್ನಾಗಿ ಓಡಿ, ಆಮೇಲೆ ಕೆಮ್ಮಿ ನಿಂತುಬಿಡುತ್ತಿತ್ತು. ಪ್ಲಗ್ ಬದಲಾಯಿಸಿದರು. ಕಾರ್ಬುರೇಟರ್ ಬಿಚ್ಚಿ ತೊಳೆದರು. ಹೊಸ ಫಿಲ್ಟರ್ ಹಾಕಿದರು. ಪ್ರತಿ ಸಲವೂ, ಸದ್ದು ತಡೆಯಲು ಹಾಕಿದ್ದ ಕಿವಿಮುಚ್ಚಿಗೆಯನ್ನೂ ತೆಗೆಯದೆ, ಟ್ಯಾಂಕ್ ತೆರೆದು ಪೆಟ್ರೋಲ್ ನೋಡಿ ಮುಚ್ಚುತ್ತಿದ್ದರು. ಮತ್ತೆ ಶುರು ಮಾಡಿದರೆ ಓಡುತ್ತಿತ್ತು. ಸರಿಹೋಯಿತೆಂದು ನಗುವಷ್ಟರಲ್ಲಿ ಮತ್ತೆ ಕೆಮ್ಮು. ಕೆರೆಯ ಏರಿಯ ಮೇಲೆ ಕೂತ ನನಗೆ, ಅದು ನಿಂತಾಗಲೆಲ್ಲ ನೆಮ್ಮದಿಯಾಗುತ್ತಿತ್ತು. ಮೇಲಿನವನು ನನ್ನ ಕಡೆ ಇದ್ದಾನೆ ಎಂದುಕೊಳ್ಳುತ್ತಿದ್ದೆ.

ಆ ವಾರ ನಾಲೆಯ ನೀರಿನಿಂದ ಮೇಲಿನ ಕೆರೆ ತುಂಬಿ ಕೋಡಿ ಬಿತ್ತು. ಇಂದೋ ನಾಳೆಯೋ ನಮ್ಮ ಕೆರೆಗೂ ಬರುತ್ತದೆಂದು ಊರೆಲ್ಲ ಸಂಭ್ರಮ. ನೀರು ನಿಂತರೆ ವಿಮಾನ ಓಡಲು ನೆಲವಿಲ್ಲ. ಮತ್ತೆ ಯಾವ ವರ್ಷ ಒಣಗುತ್ತದೋ, ಆಗ ಇವರ ಕಣ್ಣು ಪರೀಕ್ಷೆ ಮಾಡುವ ಡಾಕ್ಟರು ಹಾರಲು ಬಿಡುತ್ತಾರೋ ಇಲ್ಲವೋ.

ಕೋಡಿ ಬಿದ್ದ ಮರುದಿನ ಮಂಜು ತೆಂಗಿನ ಗರಿಗಳ ಮಟ್ಟಕ್ಕೆ ಇಳಿದಿತ್ತು. ಮರಗಳಿಗೆ ತಲೆಯೇ ಇರಲಿಲ್ಲ. ಎಲ್ಲಿಂದಲೋ ಹೊಸ ನೀರಿನ ವಾಸನೆ ಬರುತ್ತಿತ್ತು. ಇಂಜಿನ್ ಎಂದಿನಂತೆ ನಿಂತಿತು. ಇವರು ಅದರೊಳಗೆ ತಲೆಯಿಟ್ಟುಕೊಂಡೇ ಪೆಟ್ರೋಲ್ ನೋಡೆಂದು ನನಗೆ ಹೇಳಿದರು. ಮುಚ್ಚಳ ತಿರುಗಿಸಿದೆ. ಟ್ಯಾಂಕು ನಿದ್ದೆಯಲ್ಲಿರುವ ಮಗುವಿನ ಹಾಗೆ ಸುಯ್ಯೆಂದು ಉಸಿರೆಳೆದುಕೊಂಡಿತು. ಕಿವಿ ಮುಚ್ಚಿಕೊಂಡಿದ್ದ ಇವರಿಗೆ ಅದು ಕೇಳಿಸಲಿಲ್ಲ.

ಮುಚ್ಚಳವನ್ನು ಕೈಯಲ್ಲಿಟ್ಟುಕೊಂಡು ನಿಂತೆ. ಗಾಳಿ ಒಳಗೆ ಹೋದರೇನೇ ಪೆಟ್ರೋಲ್ ಕೆಳಗಿಳಿಯುವುದು ಎಂದು, ಅದಕ್ಕೆ ಸೂಜಿಯಷ್ಟು ತೂತು ಕೊರೆಯುವಾಗ ಇವರೇ ಹೇಳಿದ್ದರು. ಈಗ ತೂತು ಕಾಣಲಿಲ್ಲ. ಒಂದರ ಮೇಲೊಂದು ಗಟ್ಟಿಯಾದ ನನ್ನ ವಿಭೂತಿಯ ಪಟ್ಟೆಗಳಷ್ಟೇ ಕಂಡವು.

ಸುಮ್ಮನಿದ್ದರೆ ಸಾಕಿತ್ತು. ನೀರು ಬರುತ್ತಿತ್ತು, ನನ್ನ ಗಂಡ ನೆಲದ ಮೇಲೆ ಉಳಿಯುತ್ತಿದ್ದರು. ಮುಚ್ಚಳ ಹಾಕಿದೆ. ಪೆಟ್ರೋಲ್ ಇದೆ ಎಂದೆ.

ಅವರು ಕಿವಿಮುಚ್ಚಿಗೆ ತೆಗೆದು ನೆಲದ ಮೇಲೆ ಕೂತರು.

“ಬುಡು ಗಿರಿಜಾ. ಇಂಜಿನ್ ಏನ್ ಹೇಳ್ತದೆ ಅಂತ ನಂಗೆ ತಿಳೀತದೆ ಅನ್ಕೊಂಡಿದ್ದೆ. ಇಷ್ಟ್ ಕಾಲ ಏನ್ ಕೇಳಿಸ್ಕೊಂಡ್ನೋ ಏನೋ.”

ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದರು. ನನಗೆ ಸಿಟ್ಟು ಬಂತು, ಅವರ ಮೇಲೆ, ದೇವರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಈ ಮನುಷ್ಯನನ್ನು ಉಳಿಸಿಕೊಳ್ಳಬೇಕೆಂದಿದ್ದೆ ನಿಜ, ಇಷ್ಟು ಚಿಕ್ಕವನನ್ನಾಗಿ ಮಾಡಿ ಅಲ್ಲ.

“ಇಲ್ ಬನ್ರೀ,” ಎಂದೆ. “ಇದು ಉಸಿರು ಕಟ್ಕೊಂಡೈತೆ ಕಣ್ರೀ. ಕಟ್ಸಿರೋಳು ನಾನೇಯ.”

ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ಕೆರೆಯಂಗಳದಲ್ಲಿ ನಿಂತ ಇಂಜಿನ್ ಆಕಾಶದಲ್ಲಿ ನಿಂತಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರ ಕೈ ಆ ವಿಭೂತಿಯನ್ನು ಕೆರೆಯಲು ಏಳಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ನಾನೇ ಕೆರೆದೆ. ಬಿಳಿ ಪುಡಿ ಉದುರಿತು. ತೂತಿನಲ್ಲಿ ಬೆಳಕು ಕಂಡಿತು.

ಈ ಸಲ ಕೆಮ್ಮುವ ಹೊತ್ತು ಬಂತು, ದಾಟಿತು. ಬಹಳ ಹೊತ್ತು ಒಂದೇ ಸಮ ಓಡಿಸಿ ನೋಡಿದರು. ಮಂಜು ಹರಿದ ಮೇಲೆ ಸೀಟಿನಿಂದ ನನ್ನತ್ತ ತಿರುಗಿದರು. ಹೋಗಿ ಎಂದು ಕೈಬೀಸಿದೆ. ಧೂಳೆದ್ದಿತು. ಚಕ್ರ ನೆಲ ಬಿಟ್ಟದ್ದು ಯಾವಾಗಲೋ, ಕಣ್ಣು ಮಿಟುಕಿಸಿದಾಗ ಅವರು ತೆಂಗಿನ ತಲೆಗಳ ಮೇಲಿದ್ದರು. ನಮ್ಮ ತೋಟವೇ ನೆಲ ಬಿಟ್ಟು ಮೆಲ್ಲಗೆ ಅವರ ಜೊತೆ ತೇಲುತ್ತಿದೆಯೇನೋ ಎನಿಸಿತು.

ಹುಳಿಯಾರಿನ ದಿಕ್ಕಿಗೆ ಹೋಗುತ್ತ ಸದ್ದು ತೆಳುವಾಯಿತು. ಆಮೇಲೆ ಕೇಳಿಸಲೇ ಇಲ್ಲ. ದೂರವಾದದ್ದೋ, ನಿಂತದ್ದೋ. ಚಪ್ಪಲಿ ಎಲ್ಲಿ ಬಿಟ್ಟೆನೋ, ಕೆರೆಯಂಗಳದಲ್ಲಿ ಓಡುತ್ತಿದ್ದೆ. ನಿಂತರೆ ಸಾಕೆಂದು ಇಷ್ಟು ದಿನ ಬಯಸಿದ ಅದೇ ಇಂಜಿನ್ನಿಗೆ, ನಿಲ್ಲಬೇಡ ನನ್ನವ್ವ, ನಿಲ್ಲಬೇಡ ಎನ್ನುತ್ತಿದ್ದೆ. ತೋಟದ ಹಿಂದಿನಿಂದ ಮತ್ತೆ ಸದ್ದು ಕೇಳಿಸಿದಾಗ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತೆ.