ಹದಿನೆಂಟನೆಯ ನಡೆ

ಐದನೆಯ ಕುರ್ಚಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ತಮ್ಮ ಅದನ್ನು ಹಿಂದಕ್ಕೆಳೆದ, ಮುಂದಕ್ಕೆ ನೂಕಿದ. ಅದು ಅಲುಗಲಿಲ್ಲ. ಮೂರನೆಯ ಮಹಡಿಯಲ್ಲಿ ಅಕ್ಕನ ದೇಹವನ್ನು ಮಲಗಿಸಿದ್ದರು. ಬೆಳಗಿನಿಂದ ಜನ ಬರುತ್ತಲೇ ಇದ್ದರು, ಮನೆಯಲ್ಲಿದ್ದ ನಾಲ್ಕು ಕುರ್ಚಿ ಏನೇನೂ ಸಾಲದೆ ಅವನು ಕೆಳಗಿನ ಮನೆಯವರಿಂದ ಕೇಳಿ ತರುತ್ತಿದ್ದ.

"ಕಾಲು ಮೇಲೆ ಮಾಡಿ ಸಾರ್. ತಲೆಕೆಳಗು ಮಾಡಿದ್ರೆ ತಾನಾಗೇ ಬರುತ್ತೆ."

ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತಿ ಬಂದ ದಪ್ಪ ಮನುಷ್ಯ ಕುರ್ಚಿಯನ್ನು ಅವನ ಕೈಯಿಂದ ತೆಗೆದುಕೊಂಡು ತಿರುಗಿಸಿದ. ಕುರ್ಚಿ ಬಂತು.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ..."

"ಸಿಟಿ ಬಸ್ ಡ್ರೈವರು. ಭಾನುವಾರ ಕ್ಲಬ್ಬಲ್ಲಿ ಚದುರಂಗ ಆಡ್ತೀನಿ. ಎಕ್ಸ್‌ರೇ ಅಕ್ಕನ ಕೈಲಿ ಹದಿನಾರು ಸಲ ಸೋತಿದ್ದೀನಿ." ಪರೀಕ್ಷೆ ಪಾಸಾದ ಸುದ್ದಿ ಹೇಳುವವನ ಧಾಟಿಯಲ್ಲಿ ಅದನ್ನು ಹೇಳಿ, ಅವನು ತಮ್ಮನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. "ನೀವು ಅವರ ತಮ್ಮ ಅಲ್ವಾ?"

"ಹೌದು."

"ಅಂದ್ಕೊಂಡೆ" ಎಂದಷ್ಟೇ ಹೇಳಿ ಡ್ರೈವರು ಕುರ್ಚಿ ಹೊತ್ತು ಮುಂದೆ ನಡೆದ.

ಒಳಗೆ ಕಿಟಕಿಯ ಪಕ್ಕ ಆಸ್ಪತ್ರೆಯವರು ಕೂತಿದ್ದರು. ಎದುರು ಗೋಡೆಗೆ ಒರಗಿಕೊಂಡು ಕ್ಲಬ್ಬಿನವರು ನಿಂತಿದ್ದರು, ಏಳೆಂಟು ಜನ, ಒಬ್ಬರಿಗೊಬ್ಬರು ವಯಸ್ಸಿನಲ್ಲಿ ಹೊಂದಿಕೆಯೇ ಇಲ್ಲ. ಇಷ್ಟು ಜನರನ್ನು ಅಕ್ಕ ಯಾವಾಗ ಸಂಪಾದಿಸಿದಳು ಎಂದು ತಮ್ಮನಿಗೆ ಆಶ್ಚರ್ಯವಾಯಿತು. ಅವಳು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡಿದವಳು. ಗಂಡ ಬೇಗ ಹೋದ, ಮಗಳನ್ನು ಒಬ್ಬಳೇ ಬೆಳೆಸಿದಳು. ಯಾರಾದರೂ ಕೇಳಿದ್ದರೆ ತಮ್ಮ ಅವಳ ಬಗ್ಗೆ ಇಷ್ಟನ್ನೇ ಹೇಳುತ್ತಿದ್ದ.

"ಈ ಆಟದ ಹುಚ್ಚು ಹೇಗೆ ಹಿಡೀತು ಗೊತ್ತಾ?" ಮೂಳೆ ಡಾಕ್ಟರಮ್ಮ ಅಕ್ಕನ ಮಗಳಿಗೆ ಹೇಳುತ್ತಿದ್ದರು. ಅವರಿಗೂ ಈಗ ಎಪ್ಪತ್ತು ದಾಟಿತ್ತು. "ಮೊದಲು ಫಿಲ್ಮ್ ತೊಳೆದು ಒಣಗಿಸೋ ತನಕ ಕಾಯ್ಬೇಕಿತ್ತು. ಹೊಸ ಮಷೀನ್ ಬಂತು, ಗುಂಡಿ ಒತ್ತಿದ್ರೆ ಚಿತ್ರ. ನಾವೆಲ್ಲ ಖುಷಿಯಾಗಿದ್ವಿ. ನಿಮ್ಮಮ್ಮ ಮಾತ್ರ, 'ಡಾಕ್ಟ್ರೇ, ಇಪ್ಪತ್ತು ವರ್ಷ ಕಾಯೋದು ಕಲ್ತಿದ್ದೀನಿ, ಅದನ್ನ ಈಗ ಎಲ್ಲಿಡ್ಲಿ?' ಅಂದ್ಳು. ಮುಂದಿನ ವಾರ ನೋಡಿದ್ರೆ ಮೇಜಿನ ಮೇಲೆ ಚದುರಂಗದ ಪುಸ್ತಕ!"

ಮಗಳು ಅಳುತ್ತಲೇ ನಕ್ಕಳು. "ದಿನಾ ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಆ ಪುಸ್ತಕದ ಮೂರು ಲೆಕ್ಕ ಬಿಡಿಸೋಳು, ಕಾಯಿ ಮುಟ್ಟದೆ. ಹಾಲು ಉಕ್ಕಿ ಒಲೆ ಆರಿಹೋದ್ರೂ ಗೊತ್ತಾಗ್ತಿರಲಿಲ್ಲ."

"ಟೂರ್ನಮೆಂಟಲ್ಲಿ ಜೋರಾದವರು ಒಂದನೇ ಮೇಜಲ್ಲಿ, ನಮ್ಮಂಥವರು ಬಾಗಿಲ ಹತ್ರ" ಎಂದ ಡ್ರೈವರು, ಎಲ್ಲರಿಗೂ ತಿಳಿಯಲೆಂದು. "ಅಕ್ಕ ಮೊದಲು ಕೂತಿದ್ದು ನಲವತ್ತನೇ ಮೇಜು. ಆರನೇ ಮೇಜಿಗೆ ಬರೋಕೆ ಹನ್ನೆರಡು ವರ್ಷ. ಒಂದೊಂದು ಮೇಜೂ ಬೆವರು ಸುರಿಸಿ ಬಂದಿದ್ದು."

ತಮ್ಮನಿಗೆ ಈ ಆರನೆಯ ಮೇಜಿನ ವಿಷಯ ಗೊತ್ತೇ ಇರಲಿಲ್ಲ. ಅವನು ಕೇಳಿರಲೂ ಇಲ್ಲ.

*

ಆಟ ಕಲಿಸಿದವನು ಅವನೇ. ಅವನಿಗೆ ಹನ್ನೊಂದು, ಅವಳಿಗೆ ಹದಿನಾಲ್ಕು. ಅವನ ತಲೆ ಚುರುಕು, ಎಲ್ಲರ ಕಣ್ಣೂ ಅವನ ಮೇಲೆ. ಕಾಲೇಜಿಗೆ ಬರುವ ಹೊತ್ತಿಗೆ ಊರಿನಲ್ಲಿ ಅವನನ್ನು ಸೋಲಿಸುವವರು ಬೆರಳೆಣಿಕೆಯಷ್ಟು ಮಂದಿ. ಆ ಬೆರಳೆಣಿಕೆಯವರ ಎದುರು ಅವನು ಕ್ರಮೇಣ ಕೂರುವುದನ್ನೇ ಬಿಟ್ಟ. ಒಂದು ಸಲ ತಲೆನೋವು, ಇನ್ನೊಂದು ಸಲ ಪರೀಕ್ಷೆ. ನಕ್ಷೆ ಬರೆಯುವ ಕೆಲಸ ಸಿಕ್ಕ ಮೇಲೆ ಪುರುಸೊತ್ತೇ ಇಲ್ಲ ಎಂದ. ಅಕ್ಕನ ಜೊತೆ ಮಾತ್ರ ಆಡುತ್ತಿದ್ದ. ಅವಳು ಸೋಲುವವಳು.

ನಲವತ್ತೇಳನೆಯ ವಯಸ್ಸಿನಲ್ಲಿ ಅವಳು ಟೂರ್ನಮೆಂಟಿಗೆ ಹೆಸರು ಕೊಟ್ಟಾಗ ಅವನು ನಕ್ಕಿದ್ದ. "ಈ ವಯಸ್ಸಲ್ಲಿ ಇದು ತಲೆಗೆ ಹತ್ತುತ್ತೇನೇ ಅಕ್ಕಾ? ಮಾನ ಯಾಕೆ ಕಳ್ಕೋತೀಯ?"

"ಮಾನ ಹೋದ್ರೆ ಹೋಗ್ಲಿ ಬಿಡೋ. ಭಾನುವಾರ ಮಧ್ಯಾಹ್ನ ಅದನ್ನ ಇಟ್ಕೊಂಡು ತಾನೇ ಏನ್ ಮಾಡ್ಲಿ?"

ಮೊದಲ ವರ್ಷ ಆಡಿದ್ದೆಲ್ಲ ಸೋತಳು. ಸೋತ ಪ್ರತಿ ಸಲವೂ ಗೆದ್ದವರನ್ನು ಎಬ್ಬಿಸಗೊಡದೆ, ಕಾಯಿಗಳನ್ನು ಮತ್ತೆ ಹಿಂದಕ್ಕೆ ಇಡಿಸಿ, ಎಲ್ಲಿ ತಪ್ಪಿದೆ ಎಂದು ಕೇಳುತ್ತಿದ್ದಳು. ಹತ್ತು ವರ್ಷದ ಹುಡುಗಿಯರನ್ನೂ ಬಿಡಲಿಲ್ಲ. ನಾಚಿಕೆಯಾಗಲ್ವಾ ಎಂದು ತಮ್ಮ ಕೇಳಿದ್ದಕ್ಕೆ ಅವಳು ಹೇಳಿದ್ದು ಅವನಿಗೆ ಇವತ್ತಿಗೂ ನೆನಪಿತ್ತು:

"ಕೈ ಮುರ್ಕೊಂಡು ಬಂದವರು ನನ್ನ ಮಷೀನ್ ಮುಂದೆ ನಾಚ್ಕೊಂಡು ನಿಂತ್ರೆ ಆಗುತ್ತಾ? ಮೂಳೆ ಮೇಲೆ ಸಿಟ್ಟು ಮಾಡ್ಕೊಂಡು ಏನು ಪ್ರಯೋಜನ? ಎಲ್ಲಿ ಬಿರುಕು ಬಿಟ್ಟಿದೆ ನೋಡ್ಬೇಕು ಅಷ್ಟೆ."

ಒಂಬತ್ತು ವರ್ಷದ ಹಿಂದೆ, ಒಂದು ಭಾನುವಾರ ಊಟವಾದ ಮೇಲೆ, ಇದೇ ಮನೆಯಲ್ಲಿ, ಅವಳು ಅವನನ್ನು ಸೋಲಿಸಿದಳು.

ಕಾಯಿಯಿಂದ ಕೈ ತೆಗೆದಾಗ ಅವಳು ಗೆದ್ದವಳಂತೆ ಕಾಣಲೇ ಇಲ್ಲ. ಪೆನ್ಸಿಲ್ ತೆಗೆದುಕೊಂಡು, "ಬಾ, ಕೂತ್ಕೋ. ಎಲ್ಲಿ ತಪ್ಪಾಯ್ತು ನೋಡೋಣ" ಎಂದಳು. ಅವನು ಬೋರ್ಡಿನ ಮೇಲಿದ್ದ ಕಾಯಿಗಳನ್ನೆಲ್ಲ ಅಂಗೈಯಿಂದ ಬಾಚಿ ಡಬ್ಬಿಗೆ ಸುರಿದ. "ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ. ತಲೆ ಸಿಡೀತಿದೆ."

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನು" ಎಂದು ಅವಳು ನಕ್ಕಳು. ತಮಾಷೆಗೇ ಅಂದದ್ದು. ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಆಮೇಲೆ ಜಗಳವೇನೂ ಆಗಲಿಲ್ಲ. ಬರುತ್ತಿದ್ದ, ಹೋಗುತ್ತಿದ್ದ, ಅವಳ ಮಗಳ ಮದುವೆಗೆ ಓಡಾಡಿದ. ಬೋರ್ಡಿನ ಎದುರು ಮಾತ್ರ ಮತ್ತೆ ಕೂರಲಿಲ್ಲ. ಕಳೆದ ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಅವನ ಮಣಿಕಟ್ಟು ಹಿಡಿದು, "ಆ ಆಟ ಒಂದ್ಸಲ ನೋಡೋಣ್ವೇನೋ?" ಎಂದಿದ್ದಳು.

"ನೀನು ಮೊದಲು ಹುಷಾರಾಗು" ಎಂದಿದ್ದ ಅವನು.

*

ಚಿತಾಗಾರದಲ್ಲಿ ಎಲ್ಲವೂ ಬೇಗ ಮುಗಿಯಿತು. ಕಬ್ಬಿಣದ ಬಾಗಿಲು ಮುಚ್ಚಿಕೊಂಡ ಮೇಲೆ ಅಲ್ಲಿನ ಸಿಬ್ಬಂದಿ ಬಂದು, ಒಂದೂವರೆ ಗಂಟೆ ಆಗುತ್ತದೆ, ಕಾಯುವವರು ಪಕ್ಕದ ಕೋಣೆಯಲ್ಲಿ ಕೂತಿರಬಹುದು ಎಂದ. ಆಸ್ಪತ್ರೆಯವರು ಡ್ಯೂಟಿಗೆ ಹೋದರು. ಕ್ಲಬ್ಬಿನವರು ಹೋಗಲಿಲ್ಲ. ಉದ್ದನೆಯ ಬೆಂಚುಗಳ ಮೇಲೆ ಕೂತು ಗೋಡೆ ನೋಡಿದರು, ಕೈ ನೋಡಿಕೊಂಡರು. ಕೊನೆಗೆ ಯಾರೋ ಚೀಲದಿಂದ ಸುತ್ತಿದ ಬಟ್ಟೆಯ ಬೋರ್ಡನ್ನು ಅರ್ಧ ಹೊರಗೆಳೆದು, ನಾಚಿಕೊಂಡು ಮತ್ತೆ ಒಳಗಿಟ್ಟರು.

"ತೆಗೀರಿ, ಪರವಾಗಿಲ್ಲ" ಎಂದಳು ಅಕ್ಕನ ಮಗಳು. "ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಅರ್ಧ ಆಟ ಮುಗಿಸಿರೋಳು."

ಡ್ರೈವರು ಬೋರ್ಡು ಹಾಸಿದ. ಆದರೆ ಕಾಯಿಗಳನ್ನು ಆಟ ಶುರುಮಾಡುವ ಹಾಗೆ ಸಾಲಾಗಿ ಜೋಡಿಸಲಿಲ್ಲ. ಒಂದೊಂದನ್ನೇ ಎತ್ತಿ ಅಲ್ಲಲ್ಲಿ ಇಡುತ್ತಾ ಹೋದ. ಪಕ್ಕದಲ್ಲಿದ್ದ ಮುದುಕರೊಬ್ಬರು, "ಆ ಆನೆ ಮೂಲೆಗೆ" ಎಂದು ತಿದ್ದಿದರು. ತಮ್ಮ ಸುಮ್ಮನೆ ನೋಡುತ್ತಿದ್ದವನು ಥಟ್ಟನೆ ಎದ್ದು ಹತ್ತಿರ ಬಂದ. ಆ ಒಂಟೆ, ಆ ಕಾಲಾಳುಗಳ ಸಾಲು. ಒಂಬತ್ತು ವರ್ಷವಾದರೂ ಅವನಿಗೆ ಗುರುತು ಸಿಕ್ಕಿತು.

"ಇದು ನಿಮಗೆ ಹೇಗೆ ಗೊತ್ತು?"

"ನಮ್ಮ ಕ್ಲಬ್ಬಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ ಸಾರ್."

"ಅವಳು ನನ್ನನ್ನ ಸೋಲಿಸಿದ್ದನ್ನ ಊರಿಗೆಲ್ಲ ತೋರಿಸ್ತಿದ್ಳಾ?"

ಡ್ರೈವರು ತಲೆಯೆತ್ತಿದ. "ನೀವು ಸೋತ್ರಾ?"

ಕೋಣೆಯಲ್ಲಿ ಯಾರೂ ನಗಲಿಲ್ಲ. ಡ್ರೈವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಅಕ್ಕ ಹದಿನೇಳನೇ ನಡೆವರೆಗೆ ಮಾತ್ರ ತೋರಿಸ್ತಿದ್ರು" ಎಂದ ಡ್ರೈವರು. "ಕ್ಲಬ್ಬಿಗೆ ಹೊಸಬರು ಯಾರೇ ಬರ್ಲಿ, ಮೊದಲು ಇದೇ ಪಾಠ. ಇಲ್ನೋಡಿ, ಎಲ್ರೂ ಮುಂದಕ್ಕೆ ನುಗ್ಗೋ ಜಾಗದಲ್ಲಿ ನೀವು ಒಂಟೆನ ತೆಪ್ಪಗೆ ಒಂದು ಮನೆ ಹಿಂದಕ್ಕೆ ತಂದಿದ್ದೀರ. 'ನನ್ನ ತಮ್ಮನ ನಡೆ ಇದು. ಹನ್ನೆರಡು ವರ್ಷ ಬೆವರು ಸುರಿಸಿದ್ರೂ ನನಗಿದು ಹೊಳೆಯಲ್ಲ' ಅಂತಿದ್ರು."

ತಮ್ಮ ಬೆಂಚಿನ ತುದಿಯಲ್ಲಿ ಕೂತ. ಒಂಟೆಯ ಆ ನಡೆ ಅವನಿಗೆ ಮರೆತೇ ಹೋಗಿತ್ತು. ಇಷ್ಟು ವರ್ಷ ಅವನ ನೆನಪಿನಲ್ಲಿ ಉಳಿದದ್ದು ಕೊನೆ ಮಾತ್ರ.

"ಆಮೇಲೇನಾಯ್ತು ಅಂತ ಕೇಳಲಿಲ್ವಾ ನೀವು?"

"ಕೇಳದೆ ಇರ್ತೀವಾ? ಅಂಗಲಾಚಿದ್ದೀವಿ. 'ಹದಿನೆಂಟನೇದು ಅವನದು. ಅವನೇ ಬಂದು ತೋರಿಸ್ಲಿ' ಅನ್ನೋರು. ಕಲ್ಲು ಕರಗಿದ್ರೂ ಅವರು ಕರಗಲಿಲ್ಲ."

ಅಕ್ಕನ ಮಗಳು ಬಂದು ಮಾವನ ಪಕ್ಕ ಕೂತಳು. ಕಿಟಕಿಯಾಚೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು.

ತಮ್ಮ ಬಹಳ ಹೊತ್ತು ಬೋರ್ಡು ನೋಡಿದ. ನಿದ್ದೆ ಇರಲಿಲ್ಲವೆಂದದ್ದು ಸುಳ್ಳು. ಆ ದಿನ ಅವನು ಚೆನ್ನಾಗಿ ನಿದ್ದೆ ಮಾಡಿ ಎದ್ದು ಬಂದಿದ್ದ. ಆ ಒಂಟೆಯ ನಡೆ ಇಟ್ಟ ಮೇಲೆ ಅಕ್ಕ "ಅಬ್ಬಾ!" ಎಂದಿದ್ದಳು. ಆ ಒಂದು ಅಬ್ಬಾ ಕೇಳಿ ಅವನು ಉಬ್ಬಿಹೋಗಿದ್ದ, ಆಮೇಲೆ ನೋಡುವುದನ್ನೇ ಬಿಟ್ಟಿದ್ದ.

ಕುದುರೆಯನ್ನು ಎತ್ತಿ ಬೋರ್ಡಿನ ಅಂಚಿನಲ್ಲಿದ್ದ ಕಾಲಾಳನ್ನು ಹೊಡೆದ.

"ಪುಕ್ಕಟೆ ಸಿಕ್ತು ಅಂತ ತಗೊಂಡೆ" ಎಂದ. "ನಾನು ಮಾಡಿದ್ದು ಇದು."

ಕ್ಲಬ್ಬಿನವರೆಲ್ಲ ಬಗ್ಗಿದರು. ಮುದುಕರು ಒಂದು ಕಾಲಾಳನ್ನು ಒಂದು ಮನೆ ಮುಂದಕ್ಕೆ ಸರಿಸಿದರು. ಅಷ್ಟೇ. ಅಂಚಿಗೆ ಹೋದ ಕುದುರೆಗೆ ವಾಪಸು ಬರಲು ದಾರಿಯೇ ಉಳಿಯಲಿಲ್ಲ.

"ಅಯ್ಯೋ" ಎಂದ ಡ್ರೈವರು, ತನ್ನದೇ ಕುದುರೆ ಹೋದಂತೆ. "ಹಾಗಾದ್ರೆ ಏನು ಆಡ್ಬೇಕಿತ್ತು ಸಾರ್?"

"ಗೊತ್ತಿಲ್ಲ. ನಾನು ಯಾವತ್ತೂ ನೋಡಿಲ್ಲ."

ಬಾಗಿಲಲ್ಲಿ ಸಿಬ್ಬಂದಿ ಕಾಣಿಸಿಕೊಂಡ. "ಮುಗೀತು. ಮನೆಯವರು ಯಾರಾದ್ರೂ ಬನ್ನಿ."

ಅಕ್ಕನ ಮಗಳು ಎದ್ದಳು. ಎರಡು ಹೆಜ್ಜೆ ಹೋಗಿ ಮಾವನಿಗಾಗಿ ತಿರುಗಿ ನಿಂತಳು. ಅವನು ಮುದುಕರ ಕಾಲಾಳನ್ನು ಒಂದು ಮನೆ ಹಿಂದಕ್ಕೆ ಇಟ್ಟ. ತಾನು ಹೊಡೆದ ಕಾಲಾಳನ್ನು ಬೆಂಚಿನಿಂದ ಎತ್ತಿ ಅದರ ಜಾಗಕ್ಕೆ ಸೇರಿಸಿದ. ಆಮೇಲೆ ಕುದುರೆಯನ್ನು ಎತ್ತಿಕೊಂಡ. ಅದು ಮೊದಲು ಇದ್ದ ಬಿಳಿಯ ಮನೆಯ ಮೇಲೆ ಅದನ್ನು ಮೆಲ್ಲಗೆ ಇಟ್ಟು, ಕೈ ತೆಗೆಯದೆ, ಹಾಗೇ ಬಗ್ಗಿ ನೋಡುತ್ತಾ ನಿಂತ.