ಅಳಿಸದ ಅಂಕಿ

"ಆ ಅಂಕಿ ತಿದ್ದವಾ," ಎಂದು ಚನ್ನವ್ವ ಅಕ್ಕೋರು ಫೋನಿನಲ್ಲಿ ಹೇಳಿದಾಗ ಉಜ್ವಲಾ ಕುರಿಮರಿಗಳನ್ನು ಬಲೆಯ ಬೇಲಿಯೊಳಗೆ ಕೂಡಿಹಾಕುತ್ತಿದ್ದಳು.

"ತಿದ್ದಂಗಿಲ್ರಿ," ಎಂದಳು.

ಅಕ್ಕೋರಿಗೆ ಹೀಗೆ ಎದುರಾಡಿದವರು ಕಡಿಮೆ. ಚಿಕ್ಕೋಡಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿ, ಅಳೆದು, ಬರೆದಿಡುವ ಹನ್ನೊಂದು ಮಂದಿಯ ವಾಟ್ಸಾಪ್ ಗುಂಪಿಗೆ ಅವರೇ ಗುರು. ಉಜ್ವಲಾ ಆ ಗುಂಪಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ಹಿಂದಿನ ಫೆಬ್ರವರಿಯಲ್ಲಿ ಅಕ್ಕೋರು ಮಕ್ಕಳಿಗೆ ಆಕಾಶ ತೋರಿಸಲು ಉಜ್ವಲಾಳ ಊರಾದ ಭೋಜಕ್ಕೆ ಬಂದಿದ್ದರು. ಎಲ್ಲರ ಹಿಂದೆ ನಿಂತಿದ್ದ ಉಜ್ವಲಾ ಪಡುವಣದ ಕಡೆ ಕೈ ತೋರಿಸಿ ಕೇಳಿದ್ದಳು: "ದೀಪಾವಳಿಗೆ ಅಲ್ಲಿ ಚಿಕ್ಕಿ ಇರಲಿಲ್ರಿ. ಈಗ ಒಂದ ಕೆಂಪಂದು ಬಂದೈತಿ. ಹೌದೋ ಅಲ್ಲೋ?"

ಕುರಿಗಳ ಜೊತೆ ಹೊಲದಲ್ಲೇ ಮಲಗುವ, ಹತ್ತನೆಯ ತರಗತಿಗೆ ಶಾಲೆ ಬಿಟ್ಟ ಈ ಹೆಂಗಸನ್ನು ಅಕ್ಕೋರು ಬೆರಗಿನಿಂದ ನೋಡಿದ್ದರು. ಆ ನಕ್ಷತ್ರದ ಹೆಸರು ಮೀರಾ ಎಂದೂ, ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮತ್ತೆ ಬರಿಗಣ್ಣಿಗೆ ಕಾಣದಷ್ಟು ಮಂದವಾಗುತ್ತದೆ ಎಂದೂ ಹೇಳಿದರು. ಆ ವಾರವೇ ಪಾಠ ಶುರುವಾಯಿತು. ನೀನು ಅಳೆಯುವ ಚಿಕ್ಕೆಗಿಂತ ತುಸು ಪ್ರಕಾಶದ ಒಂದು, ತುಸು ಮಂದವಾದ ಒಂದು, ಹೀಗೆ ಅಕ್ಕಪಕ್ಕದ ಎರಡು ಚಿಕ್ಕೆ ಹಿಡಿ. ಅವುಗಳ ಅಂಕಿ ನಕ್ಷೆಯಲ್ಲಿದೆ. ನಿನ್ನದು ಅವುಗಳ ನಡುವೆ ಎಲ್ಲಿ ಕೂಡುತ್ತದೆ ನೋಡು. ಅಂಕಿ ದೊಡ್ಡದಾದಷ್ಟೂ ಚಿಕ್ಕೆ ಮಂದ. ನಿನ್ನೆಯ ಅಂಕಿ ನೋಡಬೇಡ. "ಕಂಡದ್ದ ಬರಿ. ಇರಬೇಕಾದ್ದ ಬರೀಬ್ಯಾಡ," ಎಂದು ಅಕ್ಕೋರು ಪ್ರತಿ ಸಲ ಹೇಳುತ್ತಿದ್ದರು.

"ಚಿಕ್ಕಿ ಎಣಿಸಿದ್ರ ಕುರಿ ಹೆಚ್ಚಾಗ್ತಾವೇನ?" ಎಂದು ಗಂಡ ಲಕ್ಷ್ಮಣ ಕಾಡಿದ್ದ.

"ಎಣಿಸಾಕತ್ತಿಲ್ಲ, ಅಳಿಯಾಕತ್ತೇನಿ. ನೀ ಮಲ್ಕೊ," ಎಂದಿದ್ದಳು.

ಈಗ ಜನವರಿ. ಮೀರಾ ಮತ್ತೆ ಏರುತ್ತಿತ್ತು. ಲೆಕ್ಕದ ಪ್ರಕಾರ ಆ ವಾರ ಅದು ಐದರ ಹತ್ತಿರ ಇರಬೇಕು. ಅಕ್ಕೋರು ಗುಂಪಿನಲ್ಲಿ ಐದು ಎಂದೇ ಹಾಕಿದ್ದರು. ಉಜ್ವಲಾ ಹಾಕಿದ್ದು ನಾಲ್ಕು ಪಾಯಿಂಟ್ ಒಂದು. ಅಥಣಿಯ ದ್ರಾಕ್ಷಿ ತೋಟದವರ ಮಗ ವಿಶಾಲ, ಮನೆಯ ಮೇಲೆ ದೊಡ್ಡ ದುರ್ಬೀನು ಇಟ್ಟವನು, ಕೂಡಲೇ ಬರೆದ: "ಕುರಿ ಕಾಯೋರಿಗೆ ಎಲ್ಲಾ ಬೆಳ್ಳಗ ಕಾಣ್ತಾವ."

"ಎಲ್ಲಾರೂ ನಗಾಕತ್ತಾರ," ಎಂದರು ಅಕ್ಕೋರು. "ಹೊಸಬರಿಗೆ ತಪ್ಪ ಆಗತೈತಿ. ತಿದ್ದು."

"ನಗಲಿ ಬಿಡ್ರಿ. ಮೂರ ದಿನಾ ನೋಡೇನಿ. ಪಕ್ಕದ ನಾಲ್ಕ ಪಾಯಿಂಟ್ ಒಂದರ ಚಿಕ್ಕಿಗೆ ಸರಿಸಮ ಐತಿ. ನಾಳೆ ನೀವ ಬರ್ರಿ, ಇಲ್ಲೇ ನಿಂತ ನೋಡ್ರಿ. ನಿಮಗ ಐದ ಕಂಡ್ರ ನಿಮ್ಮದು ನೀವು ಬರೀರಿ. ನಂದು ನಾಲ್ಕ ಪಾಯಿಂಟ್ ಒಂದ."

ಅಕ್ಕೋರು ಫೋನು ಇಟ್ಟರು. ಮುನಿಸಿಕೊಂಡರೆಂದೇ ಉಜ್ವಲಾ ತಿಳಿದಳು. ಆದರೆ ಮರುದಿನ ಸಂಜೆಯ ಬಸ್ಸಿಗೆ ಅವರು ಬಂದಿಳಿದರು.

ಕಬ್ಬು ಕಡಿದ ಹೊಲದಲ್ಲಿ ರಾತ್ರಿಗೆ ಕುರಿ ತರುಬಿ ನಿಲ್ಲಿಸಿದ್ದರು. ಏಳೂವರೆಗೆ ಪೂರ್ತಿ ಕತ್ತಲಾಯಿತು. ಉಜ್ವಲಾ ಬೆರಳು ತೋರಿಸಿದಳು. ಅಕ್ಕೋರು ಬಹಳ ಹೊತ್ತು ತಲೆಯೆತ್ತಿ ನಿಂತರು. ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಪಕ್ಕದ ಚಿಕ್ಕಿ ನಿನಗ ಕಾಣತೈತೇನ?"

"ಕಾಣತೈತ್ರಿ. ಎರಡೂ ಒಂದ ಸಮ."

"ನನಗ ಎರಡೂ ಕಾಣವಲ್ವು," ಎಂದರು ಅಕ್ಕೋರು.

ಅವರು ಕಂಬಳಿಯ ಮೇಲೆ ಕುಳಿತರು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತಂತೆ. ಆಪರೇಷನ್ನಿಗೆ ಹೆದರಿ ಮುಂದೆ ಹಾಕಿದ್ದರಂತೆ. ಅಂದಿನಿಂದ ಲೆಕ್ಕ ನೋಡಿ, ಇಷ್ಟಿರಬೇಕು ಎಂದುಕೊಂಡು ಬರೆದಿದ್ದರು.

ಉಜ್ವಲಾಳಿಗೆ ಮೈಯೆಲ್ಲ ಉರಿಯಿತು. "ಹಂಗಾರ ನನಗ್ಯಾಕ ತಿದ್ದಂದ್ರಿ?"

"ಅಂಜಿದೆ. ನಿಂದು ಖರೆ ಆದ್ರ ನಂದು ಸುಳ್ಳಂತ ಗೊತ್ತಾಗತೈತಲ್ಲ."

ಸಮಾಧಾನದ ಮಾತು ಉಜ್ವಲಾಳ ಬಾಯಿಗೆ ಬಂತು, ಅವಳು ಅದನ್ನು ಆಡಲಿಲ್ಲ. "ನಾ ತಿದ್ದಂಗಿಲ್ರಿ, ಅಕ್ಕೋರ. ನೀವು ತಿದ್ರಿ."

ಅಕ್ಕೋರು ಫೋನು ತೆಗೆದು ಅವಳ ಕೈಗೆ ಕೊಟ್ಟರು. ಕತ್ತಲಲ್ಲಿ ಪರದೆಯ ಬೆಳಕು ಕಣ್ಣು ಕುಕ್ಕಿ ಅವರಿಗೆ ಅಕ್ಷರ ಕಾಣಲಿಲ್ಲ. ಅವರು ಹೇಳಿದರು, ಉಜ್ವಲಾ ಬರೆದಳು: ಒಂದು ವರ್ಷದ ನನ್ನ ಅಂಕಿಗಳೆಲ್ಲ ಕಣ್ಣಿನಿಂದ ಬಂದವಲ್ಲ, ಅವನ್ನು ತೆಗೆದುಹಾಕಿ. ಕಳಿಸುವ ಮೊದಲು ಉಜ್ವಲಾ ಒಮ್ಮೆ ಅವರ ಮುಖ ನೋಡಿದಳು. "ಕಳಸು," ಎಂದರು.

ಮೂರನೆಯ ದಿನ ವಿಶಾಲ ತನ್ನ ದುರ್ಬೀನಿನಲ್ಲಿ ತೆಗೆದ ಫೋಟೊ ಅಳೆದು ಹಾಕಿದ. ನಾಲ್ಕು ಪಾಯಿಂಟ್ ಸೊನ್ನೆ. ಅಲ್ಲಿಯತನಕ ಅವನು ಆ ಚಿಕ್ಕೆಯತ್ತ ದುರ್ಬೀನು ತಿರುಗಿಸಿಯೇ ಇರಲಿಲ್ಲ. ಉಜ್ವಲಾಳ ಬಗ್ಗೆ ಒಂದು ಮಾತಿಲ್ಲ. ಬದಲಿಗೆ, ಹೊಸಬರಿಗೆ ಕಲಿಸಲು ಇನ್ನು ಬೇರೆಯವರನ್ನು ನೋಡೋಣ ಎಂದು ಬರೆದ. ನಾಲ್ಕು ಮಂದಿ ಹೆಬ್ಬೆರಳಿನ ಚಿತ್ರ ಒತ್ತಿ ಒಪ್ಪಿದರು.

ಉಜ್ವಲಾ ಕುರಿಗಳನ್ನು ನಡುದಾರಿಯಲ್ಲೇ ನಿಲ್ಲಿಸಿ ಬರೆದಳು:

"ನೋಡದೇ ನಕ್ಕವರು ಈ ಗುಂಪಿನಾಗ ಬಾಳ ಮಂದಿ ಅದಾರ. ತಪ್ಪ ಒಪ್ಕೊಂಡವರು ಒಬ್ರ. ನನಗ ಕಲಸಾಕ ಅವರ ಬೇಕು. ಅವರನ್ನ ತಗದ್ರ ನನ್ನ ಹೆಸರೂ ತಗೀರಿ, ನಾನು ನೋಡೂದಂತೂ ಬಿಡಂಗಿಲ್ಲ."

ಇಬ್ಬರನ್ನೂ ಯಾರೂ ತೆಗೆಯಲಿಲ್ಲ. ಮುಂದಿನ ತಿಂಗಳು ಅಕ್ಕೋರ ಒಂದು ಕಣ್ಣಿನ ಆಪರೇಷನ್ ಆಯಿತು. ಹಸಿರು ಪಟ್ಟಿ ಬಿಚ್ಚಿದ ಸಂಜೆ ಅವರು ಉಜ್ವಲಾಳಿಗೆ ಫೋನು ಮಾಡಿ, ಆ ದಿನದ ಅಂಕಿ ಕೇಳದೆ, ತಾವೇ ಮೊದಲು ಹೇಳಿದರು: "ಮೂರ ಪಾಯಿಂಟ್ ಎರಡ."

"ನನಗ ಮೂರ ಪಾಯಿಂಟ್ ನಾಲ್ಕ ಕಂಡೈತ್ರಿ," ಎಂದಳು ಉಜ್ವಲಾ.

"ಹಂಗಾರ ಅದನ್ನ ಬರಿ," ಎಂದರು ಅಕ್ಕೋರು. "ನಾನೂ ನಂದ ತಿದ್ದಂಗಿಲ್ಲ."