ಬ್ಯಾಟರಿಯ ಸೊಂಟಪಟ್ಟಿ

ಕೆಳಗೆ ಶೆಡ್ಡಿನಲ್ಲಿ ಬೆಲ್ ಹೊಡೆದುಕೊಂಡಾಗ ಆ್ಯಸಿಡ್ ಅಜ್ಜ ಟೀಗೆ ನೀರಿಟ್ಟು, ಸಕ್ಕರೆ ಡಬ್ಬಿಯ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದ. ಮಧ್ಯಾಹ್ನದ ಊಟ ಮುಗಿದು ಬೀದಿಗೆ ಬೀದಿಯೇ ತೂಕಡಿಸುವ ಹೊತ್ತು. ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಆಗಷ್ಟೇ ಕಣ್ಣು ಮುಚ್ಚಿದ್ದಳು. ಅವಳನ್ನು ಮಲಗಿಸುವಷ್ಟರಲ್ಲಿ ಅಜ್ಜನಿಗೆ ಸಾಕುಬೇಕಾಗಿತ್ತು. "ಶುರುವಾಯ್ತಪ್ಪ ಇದರ ರಾಗ," ಎಂದು ಗೊಣಗಿಕೊಂಡು, ಮಗು ಎದ್ದುಬಿಟ್ಟರೆ ಏನು ಗತಿ ಎಂಬ ಗಾಬರಿಯಲ್ಲಿ ಚಪ್ಪಲಿಯನ್ನೂ ಮೆಟ್ಟದೆ ಹೊರಗಿನ ಮೆಟ್ಟಿಲು ಇಳಿದ.

ಆ್ಯಸಿಡ್ ಅಜ್ಜ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಬಸ್ ಡಿಪೋದಲ್ಲಿ ಬ್ಯಾಟರಿಗಳ ಆರೈಕೆ ಮಾಡುತ್ತ ಆಯುಷ್ಯ ಸವೆಸಿದವನು. ಅವನ ಅಂಗಿಗಳಲ್ಲಿ ಆ್ಯಸಿಡ್ ಸಿಡಿದು ತೂತಾಗದ ಒಂದೂ ಇರಲಿಲ್ಲ. ಯಾವ ಬ್ಯಾಟರಿಗೆ ನೀರು ಕಡಿಮೆಯಾಗಿದೆ, ಯಾವುದು ಇನ್ನೊಂದು ಚಳಿಗಾಲ ಕಾಣುವುದಿಲ್ಲ ಎಂಬುದನ್ನೆಲ್ಲ ಮುಚ್ಚಳ ತೆಗೆದು ಒಮ್ಮೆ ಇಣುಕಿಯೇ ಹೇಳುತ್ತಿದ್ದ. ಕೆಲಸದಿಂದ ನಿವೃತ್ತನಾದ ಮೇಲೆ ಮನೆಯ ಕೆಳಭಾಗವನ್ನು ಚಾರ್ಜಿಂಗ್ ಶೆಡ್ ಮಾಡಿಕೊಂಡ. ಬೀದಿಯ ಕರೆಂಟ್ ಗಾಡಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಆದರೆ ಆ ಗಾಡಿಗಳ ಬ್ಯಾಟರಿಗಳನ್ನು ಕಂಡರೆ ಮಾತ್ರ ಅವನಿಗೆ ಅಷ್ಟಕ್ಕಷ್ಟೇ. "ಮುಚ್ಚಳ ಇಲ್ಲ, ನೀರು ಕೇಳಲ್ಲ. ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದಾವೆ. ಇವಕ್ಕೆ ಹುಷಾರಿಲ್ಲ ಅಂತ ಹೇಗಪ್ಪ ತಿಳ್ಕೊಳ್ಳೋದು?" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ.

ಬಂದವರು ನಕ್ಕು ಹೋಗುತ್ತಿದ್ದರು. ಮಾತನ್ನು ಮನಸ್ಸಿಗೆ ಹಾಕಿಕೊಂಡವಳು ಸೊಸೆ ಒಬ್ಬಳೇ.

ಸೊಸೆ ದರ್ಜಿ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಗಳಿಗೆ, ಕಾರ್ಖಾನೆಗಳಿಗೆ ಯೂನಿಫಾರಂ ಹೊಲಿಯುತ್ತಿದ್ದಳು. ಬಾಯಿ ಜೋರು, ಕೈ ಇನ್ನೂ ಜೋರು. ಈ ಹೊಸ ಬ್ಯಾಟರಿಗಳು ಕೆಡುವ ಮೊದಲು ಒಳಗೆ ಗಾಳಿ ತುಂಬಿಕೊಂಡು ಉಬ್ಬುತ್ತವೆ ಎಂದು ಎಲ್ಲಿಯೋ ಕೇಳಿಕೊಂಡು ಬಂದವಳು ಊಟಕ್ಕೆ ಕೂತಲ್ಲೇ ಕೈ ನಿಲ್ಲಿಸಿದಳು.

"ಮಾವ, ಉಬ್ಬೋದು ಅಂದ್ರೆ ನನ್ನ ಡಿಪಾರ್ಟ್‌ಮೆಂಟು," ಎಂದಳು. "ನನ್ನ ಗಿರಾಕಿಗಳನ್ನ ನೋಡಿಲ್ವಾ? ದಪ್ಪ ಆಗಿದೀನಿ ಅಂತ ಒಬ್ಬರೂ ಒಪ್ಪಲ್ಲ. ಒಗೆದು ಪ್ಯಾಂಟ್ ಚಿಕ್ಕದಾಯ್ತು ಅಂತಾರೆ. ಟೇಪ್ ಸುತ್ತಿದ ಮೇಲೆ ಬಾಯಿ ಮುಚ್ಕೋತಾರೆ."

"ಅದಕ್ಕೆ? ಬ್ಯಾಟರಿಗೂ ಪ್ಯಾಂಟ್ ಹೊಲೀತೀಯಾ?"

"ಪ್ಯಾಂಟ್ ಯಾಕೆ, ಬರೀ ಸೊಂಟಪಟ್ಟಿ ಸಾಕು."

ತಮಾಷೆ ಎಂದುಕೊಂಡರೆ ಅವಳು ನಿಜಕ್ಕೂ ಹೊಲಿದಳು. ಬ್ಯಾಗಿಗೆ ಹಾಕುವ ಗಟ್ಟಿ ನೈಲಾನ್ ಪಟ್ಟಿ, ಅದನ್ನು ಬ್ಯಾಟರಿಯ ಅಳತೆಗೆ ಹೊಂದಿಸಲು ಬಕಲ್ಲು ಮತ್ತು ತೂತುಗಳು, ನಡುವೆ ಬೆರಳುದ್ದದ ಎಲಾಸ್ಟಿಕ್. ಎಲಾಸ್ಟಿಕ್ಕಿನ ಒಂದು ಬದಿಗೆ ಹಿತ್ತಾಳೆಯ ಕೊಕ್ಕೆ, ಇನ್ನೊಂದು ಬದಿಗೆ ಹಿತ್ತಾಳೆಯ ತಗಡು. ಬ್ಯಾಟರಿಯ ಹೊಟ್ಟೆ ಉಬ್ಬಿತೋ, ಎಲಾಸ್ಟಿಕ್ ಹಿಗ್ಗುತ್ತದೆ. ಅದು ಹಿಗ್ಗಿದರೆ ಕೊಕ್ಕೆ ಜಾರಿಕೊಂಡು ಹೋಗಿ ತಗಡಿಗೆ ತಾಗುತ್ತದೆ. ತಾಗಿದ ಕೂಡಲೇ ಟಾರ್ಚಿನ ಸೆಲ್ಲಿಗೆ ಕಟ್ಟಿದ ಬೆಲ್ ಕಿರುಚಿಕೊಳ್ಳುತ್ತದೆ. ಅಷ್ಟೇ. ಅಷ್ಟೇ ಎನ್ನುವುದು ಸುಲಭ, ಅದನ್ನು ಮೊದಲು ಯೋಚಿಸಿ ಕಂಡುಕೊಳ್ಳುವುದಿದೆಯಲ್ಲ, ಅದು ಎಲ್ಲರ ಕೈಲಾಗುವ ಕೆಲಸವಲ್ಲ. ಬಿಸಿನೀರಿನ ರಬ್ಬರ್ ಚೀಲಕ್ಕೆ ಪಟ್ಟಿ ಕಟ್ಟಿ, ಲೋಟ ಲೋಟ ನೀರು ಹುಯ್ಯುತ್ತ ಬೆಲ್ ಹೊಡೆಯುವ ತನಕ ಅಡುಗೆಮನೆ ತುಂಬ ಕೊಳ ಮಾಡಿದಳು. ಮೊದಲು ಹಾಕಿದ ಎಲಾಸ್ಟಿಕ್ ಕಳಪೆಯದು. ಅದು ಸಡಿಲಬಿದ್ದು ಸುಮ್ಮಸುಮ್ಮನೆ ಬೆಲ್ ಹೊಡೆದು ಅಜ್ಜನ ನಿದ್ದೆ ಕೆಡಿಸಿತು. ಅದನ್ನೆಲ್ಲ ಕಿತ್ತೆಸೆದು ಬೇರೆ ಹಾಕಿದಳು. ಶೆಡ್ಡಿಗೆ ಬರುವ ಪ್ರತಿ ಗಾಡಿಗೂ ಪಟ್ಟಿ ಕಟ್ಟಿಯೇ ಚಾರ್ಜಿಗೆ ಹಾಕಬೇಕೆಂದು ಮಾವನಿಗೇ ಕಟ್ಟಪ್ಪಣೆ ಮಾಡಿದಳು. ಅಜ್ಜ ಕಟ್ಟುತ್ತಿದ್ದ, ಸೊಸೆಯ ಬಾಯಿಗೆ ಹೆದರಿ. ಆದರೆ ಅವನು ನಂಬುತ್ತಿದ್ದದ್ದು ತನ್ನ ಮೀಟರನ್ನು, ತನ್ನ ಅಂಗೈಯನ್ನು.

ಈಗ ಶೆಡ್ಡಿನಲ್ಲಿ ಹಾಲಿನವನ ಗಾಡಿ, ಒಂದೆರಡು ಸ್ಕೂಟರು ಮತ್ತು ಬ್ರೆಡ್ಡಿನವನ ಮೂರು ಚಕ್ರದ ಗಾಡಿ ಚಾರ್ಜಿಗೆ ನಿಂತಿದ್ದವು. ಹೊಡೆದುಕೊಳ್ಳುತ್ತಿದ್ದದ್ದು ಬ್ರೆಡ್ಡಿನವನ ಗಾಡಿಯ ಬೆಲ್ಲು. ಆ ಪುಣ್ಯಾತ್ಮ ಬೆಳಿಗ್ಗೆ ಅಂಗಡಿ ಅಂಗಡಿಗೆ ಬ್ರೆಡ್ ಹಾಕಿ, ಗಾಡಿಯನ್ನು ಪೈಪ್ ಹಿಡಿದು ಲಕಲಕ ತೊಳೆದು ಇಲ್ಲಿ ನಿಲ್ಲಿಸಿ ಹೋಗುತ್ತಿದ್ದ. ಸೀಟಿನ ಕೆಳಗೆ ನೀರು ಇಳಿದೀತು ಎಂಬ ಯೋಚನೆ ಅವನಿಗೂ ಬಂದಿರಲಿಲ್ಲ, ಅಜ್ಜನಿಗೂ ಬಂದಿರಲಿಲ್ಲ.

ಅಜ್ಜ ಸೀಟು ಎತ್ತಿದ. ನೀಲಿ ಪ್ಲಾಸ್ಟಿಕ್ ಹೊದ್ದ ಬ್ಯಾಟರಿ ತನ್ನ ಪಾಡಿಗೆ ತಾನಿತ್ತು. ಅಂಗೈ ಇಟ್ಟ. ಸುಡುತ್ತಿಲ್ಲ, ಎಂದಿನಷ್ಟೇ ಬೆಚ್ಚಗಿದೆ. ಮೀಟರಿನ ಕಡ್ಡಿ ತಾಗಿಸಿದ. ವೋಲ್ಟು ಸರಿಯಾಗಿದೆ. ಬಗ್ಗಿ ಮೂಸಿದ. ಏನೂ ವಾಸನೆಯಿಲ್ಲ. ಕೈ ಸರಿ ಅಂದಿತು, ಮೀಟರು ಸರಿ ಅಂದಿತು, ಮೂಗೂ ಸರಿ ಅಂದಿತು. ಇಲ್ಲ ಎನ್ನುತ್ತಿದ್ದದ್ದು ಸೊಸೆಯ ಪಟ್ಟಿ ಒಂದೇ.

"ಬಿಸಿಲಿಗೆ ಪಟ್ಟಿ ಕುಗ್ಗಿರ್ಬೇಕು," ಎಂದುಕೊಂಡ. ಮೇಲೆ ಮಗು ಮಗ್ಗುಲು ಬದಲಿಸಿದ ಸದ್ದು ಹಲಗೆಯ ಚಾವಣಿಯಿಂದ ಕೇಳಿತು. ಬೆಲ್ ನಿಲ್ಲಿಸಬೇಕು. ಹೊಟ್ಟೆ ಬಿರಿಯ ಉಂಡವರು ಕೂತಲ್ಲೇ ಬೆಲ್ಟ್ ಸಡಿಲಿಸಿಕೊಳ್ಳುವ ಹಾಗೆ, ಅಜ್ಜ ಬಕಲ್ಲಿನ ಮುಳ್ಳು ಕಿತ್ತು ಒಂದು ತೂತು ಹಿಂದಕ್ಕೆ ಹಾಕಿದ. ಬೆಲ್ ನಿಂತಿತು. ಸೀಟು ಮುಚ್ಚಿ, ಗೆದ್ದವನಂತೆ ಮೆಟ್ಟಿಲು ಹತ್ತಿದ.

ಆದರೂ ಒಳಗೊಳಗೇ ಏನೋ ಕೊರೆಯುತ್ತಿತ್ತು. ಟೀ ಸೋಸಿಕೊಂಡವನು ಎಂದಿನಂತೆ ಕಿಟಕಿಯ ಬಳಿ ಕೂರದೆ ಲೋಟ ಹಿಡಿದು ಕೆಳಗಿಳಿದ. ಗಾಳಿಗೆ ಅಂತ ತನಗೆ ತಾನೇ ಹೇಳಿಕೊಂಡು ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತ. ಟೀ ಅರ್ಧ ಆಗಿರಲಿಲ್ಲ, ಬೆಲ್ ಮತ್ತೆ ಹೊಡೆಯಿತು. ಅದೇ ಗಾಡಿ.

ಲೋಟ ಕೈಯಿಂದ ಜಾರಿದ್ದು ಅವನಿಗೆ ಗೊತ್ತಾಗಲಿಲ್ಲ. ಪಟ್ಟಿ ಕುಗ್ಗುವುದಿದ್ದರೆ ಒಮ್ಮೆ ಕುಗ್ಗೀತು. ತಾನೇ ಸಡಿಲ ಮಾಡಿದ ಪಟ್ಟಿ ಇಷ್ಟು ಬೇಗ ಮತ್ತೆ ಬಿಗಿಯಾಗಬೇಕಾದರೆ ಬೆಳೆಯುತ್ತಿರುವುದು ಪಟ್ಟಿಯ ಒಳಗಿನದು. ಸೀಟು ಎತ್ತಿದರೆ, ನೈಲಾನ್ ಪಟ್ಟಿ ನೀಲಿ ಪ್ಲಾಸ್ಟಿಕ್ಕಿನಲ್ಲಿ ಹೂತುಹೋಗಿತ್ತು. ಅದರ ಮೇಲೂ ಕೆಳಗೂ ಬ್ಯಾಟರಿ ಉಬ್ಬಿಕೊಂಡು ನಿಂತಿತ್ತು. ಕೈ ಇಟ್ಟು ನೋಡುವ ಗೋಜಿಗೆ ಅಜ್ಜ ಹೋಗಲಿಲ್ಲ. ಮೇನ್ ಸ್ವಿಚ್ ಇಳಿಸಿದ, ವೈರ್ ಕಿತ್ತ. ತಲೆಯ ಮೇಲೆ ಹಲಗೆಯ ಚಾವಣಿ, ಅದರ ಮೇಲೆ ಮಗುವಿನ ಹಾಸಿಗೆ. ಓಡಿಹೋಗಿ ಮಗುವನ್ನು ಎತ್ತಿಕೊಂಡು ಬರಲೇ? ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಇದು ಹತ್ತಿಕೊಂಡರೆ ಆ ಮೆಟ್ಟಿಲೇ ಮೊದಲು ಹೊಗೆಗೆ ಸಿಕ್ಕುತ್ತದೆ. ಅಜ್ಜ ಬ್ರೇಕ್ ಬಿಟ್ಟು ಗಾಡಿಗೆ ಹೆಗಲು ಕೊಟ್ಟ.

ಗಾಡಿ ಮಿಸುಕಲಿಲ್ಲ. ಬಾಗಿಲ ಹೊಸ್ತಿಲಿಗೆ ಮುಂದಿನ ಚಕ್ರ ಸಿಕ್ಕಿಕೊಂಡಿತ್ತು. ಬರಿಗಾಲು ಜಾರಿತು, ಬೆನ್ನುಮೂಳೆ ಲಟಕ್ ಎಂದಿತು. ಸೀಟಿನ ಕೆಳಗಿಂದ ಸಣ್ಣಗೆ, ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಂಥ ಸದ್ದು ಶುರುವಾಗಿತ್ತು.

"ಅಜ್ಜಾ! ನನ್ನ ಗಾಡೀನ ಎಲ್ಲಿಗೆ ಹೊಡ್ಕೊಂಡು ಹೊರಟ್ರಿ?" ಬ್ರೆಡ್ಡಿನವನು ಗೇಟಿನಲ್ಲಿ ನಿಂತು ನಗುತ್ತಿದ್ದ.

"ಹಲ್ಲು ಕಿರೀಬೇಡ, ಬಂದು ಎಳಿ! ಬ್ಯಾಟರಿ ಹೋಗ್ತಿದೆ!"

ಅವನ ನಗು ಅಲ್ಲೇ ಇಂಗಿಹೋಯಿತು. ಓಡಿಬಂದು ಹ್ಯಾಂಡಲ್ ಹಿಡಿದು ಎಳೆದ, ಅಜ್ಜ ಹಿಂದಿನಿಂದ ಜೀವ ಒತ್ತೆಯಿಟ್ಟು ನೂಕಿದ. ಹೊಸ್ತಿಲು ದಾಟಿದ ಗಾಡಿ ಇಳಿಜಾರಿಗೆ ಬಿದ್ದು ತಾನೇ ಉರುಳಿತು. ಅಂಗಳದ ಆಚೆ ತುದಿಯ ಮರಳಿನ ಗುಡ್ಡೆಗೆ ಹೋಗಿ ಗುದ್ದಿ ನಿಂತಿತು. ಇಬ್ಬರೂ ಹಿಂದಕ್ಕೆ ಓಡಿದರು. ಸೀಟಿನ ಸಂದಿನಿಂದ ಬಿಳಿ ಹೊಗೆ ಎದ್ದಿತು, ಆಮೇಲೆ ಬೂದು ಹೊಗೆ. ನೋಡನೋಡುತ್ತಿದ್ದಂತೆ ಮನುಷ್ಯನೆತ್ತರದ ಬೆಂಕಿ ಬುಸ್ಸೆಂದು ಎದ್ದು ಸೀಟನ್ನು ನುಂಗಿಬಿಟ್ಟಿತು.

ಅಜ್ಜ ಅದನ್ನು ನೋಡುತ್ತ ನಿಲ್ಲಲಿಲ್ಲ. ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಮಗುವನ್ನು ಹೊದಿಕೆ ಸಮೇತ ಬಾಚಿಕೊಂಡು ಬೀದಿಗೆ ಬಂದ. ಅರ್ಧ ನಿದ್ದೆಯಲ್ಲಿ ಎದ್ದ ಅವಳು ಅಜ್ಜನ ಅಂಗಿಯ ತೂತಿಗೆ ಬೆರಳು ತುರುಕಿಕೊಂಡು, "ಮಲಕ್ಕೋ ಅಂತೀಯಾ, ಎಬ್ಬಿಸ್ತೀಯಾ," ಎಂದು ಸಿಡುಕಿದಳು. ಅಜ್ಜ ಅವಳನ್ನು ಎತ್ತಿಕೊಂಡೇ ಕಟ್ಟೆಯ ಮೇಲೆ ಕೂತ.

ಸಂಜೆಯ ಹೊತ್ತಿಗೆ ಸೊಸೆ ಯೂನಿಫಾರಂ ಕೊಟ್ಟು ವಾಪಸಾದಾಗ ಅಂಗಳದ ತುಂಬ ಜನ. ಪೈಪ್ ಹಿಡಿದು ನೀರು ಬಿಟ್ಟೂ ಬಿಟ್ಟೂ ಬೆಂಕಿ ಆರಿಸಿದ್ದರು. ಗಾಡಿಯ ಮುಂಭಾಗ ಕರಿಕಟ್ಟಿತ್ತು, ಹಿಂದಿನ ಬ್ರೆಡ್ಡಿನ ಪೆಟ್ಟಿಗೆ ಉಳಿದಿತ್ತು. ಗಾಡಿ ಕಳೆದುಕೊಂಡ ದುಃಖವನ್ನೂ ಮರೆತು ಬ್ರೆಡ್ಡಿನವನು ಬಂದವರಿಗೆಲ್ಲ ಕಥೆ ಹೇಳುತ್ತಿದ್ದ. "ಈ ವಯಸ್ಸಲ್ಲಿ ಒಬ್ಬರೇ ನೂಕ್ತಿದ್ರು ರೀ! ಹೊಗೆ ಬರೋ ಮುಂಚೆನೇ ಗೊತ್ತಾಗ್ಬಿಟ್ಟಿತ್ತು ಅಜ್ಜನಿಗೆ. ಅನುಭವ ಅಂದ್ರೆ ಅದು!" ಜನ ತಲೆದೂಗಿದರು. ಅಜ್ಜ ಕೆಮ್ಮಿದ.

ಸೊಸೆ ಯಾರ ಮಾತಿಗೂ ನಿಲ್ಲದೆ ಮೊದಲು ಮಗಳನ್ನು ಅಪ್ಪಿಕೊಂಡಳು. ತಲೆಯಿಂದ ಪಾದದವರೆಗೆ ಮುಟ್ಟಿ ನೋಡಿದಳು. ಆಮೇಲೆ ಕೋಲಿನಿಂದ ಬೂದಿ ಕೆದಕಿ ಕರಗಿದ ಬಕಲ್ಲನ್ನೂ ಹಿತ್ತಾಳೆಯ ಕೊಕ್ಕೆಯನ್ನೂ ಹುಡುಕಿ ತೆಗೆದಳು. ಮಾವನ ಕಡೆ ನೋಡಿದಾಗ ಅವಳ ಕಣ್ಣು ತುಂಬಿತ್ತು. "ಹೊಡೀತಾ ಮಾವ?" ಎಂದಳು. "ನಿಜವಾಗ್ಲೂ ಹೊಡೀತಾ?"

"ಹೊಡೀತು ಕಣಮ್ಮ," ಎಂದ ಅಜ್ಜ. ಎಲ್ಲರ ಮುಂದೆ ಅಷ್ಟೇ ಹೇಳಲು ಆದದ್ದು.

ಜನ ಕರಗಿದ ಮೇಲೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಮಗು ನೆಲದಲ್ಲಿ ಬಟನ್ನುಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಅಜ್ಜ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲು ಇನ್ನೊಬ್ಬರ ಅಪ್ಪಣೆ ಬೇಕು ಎನ್ನುವವನ ಹಾಗೆ.

"ಎರಡು ಸಲ ಹೊಡೀತು," ಎಂದ. "ಮೊದಲನೇ ಸಲ ನಾನು ನಂಬ್ಲಿಲ್ಲ. ಪಟ್ಟಿ ಕುಗ್ಗಿದೆ ಅಂದ್ಕೊಂಡು ಒಂದು ತೂತು ಸಡಿಲ ಮಾಡಿ ಮೇಲೆ ಬಂದೆ. ಮಗು ಎದ್ದುಬಿಡುತ್ತೆ ಅಂತ."

ಯಂತ್ರದ ಚಕ್ರದ ಮೇಲಿದ್ದ ಅವಳ ಕೈ ಹಾಗೇ ನಿಂತಿತು. ಅವಳು ಮಗುವನ್ನು ನೋಡಿದಳು, ಅದರ ಹಾಸಿಗೆಯನ್ನು ನೋಡಿದಳು, ಮಾವನನ್ನು ಮಾತ್ರ ನೋಡಲಿಲ್ಲ. ಬೈಯಲಿ ಎಂದು ಅಜ್ಜ ಕಾದ. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಬಟನ್ನುಗಳ ಸಾಲು ಗೋಡೆಯ ತನಕ ಹೋಗಿ ಮುಟ್ಟಿತು.

ಆಮೇಲೆ ಅವಳು ತೀರ ಮೆಲ್ಲಗೆ ಕೇಳಿದಳು. "ಮೊದಲನೇದಕ್ಕೂ ಎರಡನೇದಕ್ಕೂ ನಡುವೆ ಎಷ್ಟು ಹೊತ್ತಿತ್ತು?"

"ಟೀ ಸೋಸಿ ಅರ್ಧ ಲೋಟ ಕುಡಿಯೋ ಅಷ್ಟು."

"ಒಂದೇ ತೂತಿನ ಅಂತರಕ್ಕೆ?"

"ಒಂದೇ."

ಅವಳು ಕಣ್ಣೊರೆಸಿಕೊಂಡು ನೈಲಾನ್ ಪಟ್ಟಿಯ ಸುರುಳಿ ಎಳೆದುಕೊಂಡಳು. "ಹಾಗಾದ್ರೆ ಇನ್ನೊಂದು ಕೊಕ್ಕೆ ಹಾಕ್ಬಹುದು ಮಾವ. ಮೊದಲನೇದು ಬೆಲ್ಲಿಗೆ. ಎರಡನೇದು ಕರೆಂಟಿಗೆ. ಅದು ತಾಗಿದ್ರೆ ಚಾರ್ಜು ತಾನೇ ಕಟ್ ಆಗ್ಬೇಕು. ಯಾರನ್ನೂ ಕೇಳೋದು ಬೇಡ."

ಕೊನೆಯ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಆದರೆ ಅದರ ಜೊತೆಗೇ ಇನ್ನೊಂದು ಅವನ ತಲೆಗೆ ಹೋಗಿತ್ತು. ತಾನು ಮಾಡಿದ ತಪ್ಪಿನಿಂದಲೂ ಈ ಹುಡುಗಿ ಒಂದು ಅಳತೆ ತೆಗೆದಿದ್ದಾಳೆ! ಡಿಪೋದಲ್ಲಿ ಅಷ್ಟು ವರ್ಷ ಅಷ್ಟು ಜನರ ಜೊತೆ ಕೆಲಸ ಮಾಡಿದ್ದ, ಇಂಥ ತಲೆ ಒಂದನ್ನೂ ಕಂಡಿರಲಿಲ್ಲ.

"ಆ ಕೊಕ್ಕೆ, ಈ ತಗಡು ಅಷ್ಟೊಂದು ಕರೆಂಟ್ ತಡೆಯಲ್ಲ ಕಣಮ್ಮ," ಎಂದ. "ನಡುವೆ ಒಂದು ರಿಲೇ ಬೇಕು. ಸಣ್ಣ ಕರೆಂಟ್ ಕೊಟ್ರೆ ದೊಡ್ಡದನ್ನ ಕತ್ತರಿಸೋ ಸ್ವಿಚ್ಚು. ಬಸ್ಸಿಂದು ಹಳೇದು ನನ್ನ ಪೆಟ್ಟಿಗೇಲಿದೆ, ತರ್ಲಾ?"

"ತನ್ನಿ. ಅದಕ್ಕೂ ಮೊದಲು ಇಲ್ಲಿ ಬಂದು ಇದನ್ನ ಹಿಡ್ಕೊಳಿ."

ಅಜ್ಜ ಒಳಗೆ ಬಂದು, ಬಟನ್ನುಗಳನ್ನು ತುಳಿಯದಂತೆ ಕಾಲು ಮಡಿಸಿ ನೆಲದ ಮೇಲೆ ಕೂತ. ಅವಳು ಪಟ್ಟಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಇನ್ನೊಂದನ್ನು ತನ್ನತ್ತ ಎಳೆದುಕೊಂಡಳು. ಬಾಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡು ಎರಡನೇ ಕೊಕ್ಕೆಯ ಜಾಗ ಹುಡುಕತೊಡಗಿದಳು. ಅಜ್ಜ ಆ ತುದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

"ಅಷ್ಟು ಬಿಗಿಯಾಗಿ ಬೇಡ ಮಾವ," ಎಂದಳು ಅವಳು ತಲೆಯೆತ್ತದೆ.

ಅಜ್ಜ ಹೂಂಗುಟ್ಟಿದ. ಕೈ ಮಾತ್ರ ಸಡಿಲಿಸಲಿಲ್ಲ.